ಇಪ್ಪತ್ತಮೂರು ನಿಮಿಷದ ಹಾಡು ಕೇಳುವ ಬಗೆ

ಅಮೆರಿಕದ ಆಲ್ಮನ್ ಬ್ರದರ್ಸ್ ಬ್ಯಾಂಡ್‌ನ ‘ವಿಪ್ಪಿಂಗ್ ಪೋಸ್ಟ್’ 1969ರ ಸ್ಟುಡಿಯೋ ಆಲ್ಬಂನಲ್ಲಿ ಸುಮಾರು ಐದು ನಿಮಿಷಕ್ಕೆ ಮುಗಿಯುತ್ತದೆ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಧ್ವನಿಮುದ್ರಣಗೊಂಡ ಲೈವ್ ಆಲ್ಬಂನಲ್ಲಿ ಅದೇ ಹಾಡಿಗೆ 23 ನಿಮಿಷ. ಎಲ್‌ಪಿ ತಟ್ಟೆಯ ಒಂದಿಡೀ ಬದಿಯನ್ನೇ ಅದು ನುಂಗಿದೆ. ಬೆಳೆದದ್ದು ಸಾಹಿತ್ಯವಲ್ಲ, ವಾದನ. ಹೊಸದಾಗಿ ಕೇಳುವವರು ನಡುವೆ ಗಡಿಯಾರ ನೋಡಿದರೆ ತಪ್ಪೇನಿಲ್ಲ. ಆದರೂ ಲೈವ್ ಜಾಮ್‌ನ, ಅಂದರೆ ವೇದಿಕೆಯಲ್ಲೇ ಮನೋಧರ್ಮದಂತೆ ಬೆಳೆಸುವ ವಾದನದ, ರುಚಿ ಹತ್ತಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಮೊದಲು ಬೇಸ್ ಗಿಟಾರಿಗೆ ಕಿವಿಗೊಡಬೇಕು. ಬೆರ್ರಿ ಓಕ್ಲಿ ಒಬ್ಬರೇ ನುಡಿಸುತ್ತ ಹಾಡನ್ನು ಎತ್ತುತ್ತಾರೆ. ತಕಿಟ ತಕಿಟ ತಕಿಟ ತಕ ಎಂದು ಎಣಿಸಿದರೆ ಹನ್ನೊಂದರ ಲೆಕ್ಕ ಸಿಕ್ಕಿಬಿಡುತ್ತದೆ. ಹಾಡು ಬರೆದ ಗ್ರೆಗ್ ಆಲ್ಮನ್‌ಗೇ ಈ ಲೆಕ್ಕ ಅಣ್ಣ ಡ್ವೇನ್ ಹೇಳುವವರೆಗೆ ಗೊತ್ತಿರಲಿಲ್ಲವಂತೆ! ಮುಂದೆ ಡ್ವೇನ್ ಮತ್ತು ಡಿಕಿ ಬೆಟ್ಸ್ ಸರದಿಯಂತೆ ಗಿಟಾರ್ ಬೆಳೆಸುತ್ತಾರೆ. ಆಗ ಹೊಸಬರ ಗಮನವೆಲ್ಲ ಸೋಲೋ ಮೇಲೆಯೇ ಇರುತ್ತದೆ. ನಿಜವಾದ ಸ್ವಾರಸ್ಯವಿರುವುದು ಅದರ ಹಿಂದೆ: ಒಬ್ಬರು ಎತ್ತರಕ್ಕೆ ಏರಿದಾಗ ಉಳಿದವರು ಏನು ಮಾಡುತ್ತಾರೆ? ಇಬ್ಬರು ಡ್ರಮ್ಮರ್‌ಗಳಲ್ಲಿ ಯಾರು ಒತ್ತು ಹೆಚ್ಚಿಸುತ್ತಾರೆ, ಯಾರು ಸುಮ್ಮನಾಗುತ್ತಾರೆ? ನಡುವೆ ಒಂದು ಕಡೆ ತಾಳವೇ ಕರಗಿಹೋಗಿ ವಾದನ ಬಹುತೇಕ ಮೌನಕ್ಕಿಳಿಯುತ್ತದೆ. ಯಾರು ಮೊದಲು ಮುಂದಡಿ ಇಡುತ್ತಾರೋ ಎಂದು ಆರು ಮಂದಿಯೂ ಪರಸ್ಪರ ಕಾಯುವುದು ಕೇಳಿಸುತ್ತದೆ. ಜಾಮ್ ಉದ್ದವಾಗಲು ಇರುವ ಒಳ್ಳೆಯ ಕಾರಣ ಇದೊಂದೇ.

ಆ ಕಾರಣ ಇಲ್ಲದಿದ್ದರೆ ಉದ್ದ ಬರೀ ಉದ್ದ.

1976ರಲ್ಲಿ ಬಂದ ಲೆಡ್ ಜೆಪ್ಲಿನ್‌ನ ‘ದಿ ಸಾಂಗ್ ರಿಮೇನ್ಸ್ ದಿ ಸೇಮ್’ ಆಲ್ಬಂನಲ್ಲಿ ‘ಡೇಜ್ಡ್ ಅಂಡ್ ಕನ್ಫ್ಯೂಸ್ಡ್’ ಸುಮಾರು 27 ನಿಮಿಷ ಸಾಗುತ್ತದೆ. ಜಿಮ್ಮಿ ಪೇಜ್ ಪಿಟೀಲಿನ ಕಮಾನಿನಿಂದ ಗಿಟಾರ್ ಉಜ್ಜುವ ಭಾಗ ಅದೇ ಹೆಸರಿನ ಸಿನಿಮಾದಲ್ಲಿ ಕಣ್ಣಿಗೆ ಹಬ್ಬ. ಬರೀ ಕಿವಿಗೆ ಬಿದ್ದಾಗ ಮಾತ್ರ ಅದು ಎಳೆದಾಡಿದಂತಿದೆ. ಲೈವ್ ಆಲ್ಬಂನ ಮೂಲ ತೊಡಕೇ ಇದು. ಸಭಾಂಗಣದಲ್ಲಿ ಜನಸಂದಣಿ, ಬೆಳಕು, ಎದೆಗೆ ಬಡಿಯುವ ಸದ್ದು ಎಲ್ಲವೂ ಸೇರಿ ನಿಮಿಷಗಳನ್ನು ಸಾಗಿಸುತ್ತವೆ. ಮನೆಯ ಕುರ್ಚಿಯಲ್ಲಿ ಕುಳಿತವರಿಗೆ ಆ ನೆರವಿಲ್ಲ. ಕ್ರೀಮ್ ತಂಡದ ‘ವೀಲ್ಸ್ ಆಫ್ ಫೈರ್’ (1968) ಆಲ್ಬಂನಲ್ಲಿ ಜಿಂಜರ್ ಬೇಕರ್ ಅವರ ಡ್ರಮ್ ವಾದನವೇ ಪ್ರಧಾನವಾದ ‘ಟೋಡ್’ 16 ನಿಮಿಷದ್ದು. ತನಿ ಆವರ್ತನ ಶುರುವಾದೊಡನೆ ಕ್ಯಾಂಟೀನಿನತ್ತ ಏಳುವ ನಮ್ಮ ಸಭಿಕರಿಗೆ ಈ ಸಂಕಟ ಹೊಸದಲ್ಲ. ಅದೇ ಆಲ್ಬಂನ ‘ಕ್ರಾಸ್‌ರೋಡ್ಸ್’ ನಾಲ್ಕೇ ನಿಮಿಷದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುತ್ತದೆ ಎಂಬುದೂ ನೆನಪಿನಲ್ಲಿರಲಿ.

ಕಿವಿ ಸ್ವಲ್ಪ ಪಳಗಿದ ಮೇಲೆ ಗ್ರೇಟ್‌ಫುಲ್ ಡೆಡ್ ತಂಡದ ‘ಡಾರ್ಕ್ ಸ್ಟಾರ್’ ಹಿಡಿಯಬಹುದು. 1968ರಲ್ಲಿ ಸಿಂಗಲ್ ಆಗಿ ಬಂದಾಗ ಅದು ಮೂರು ನಿಮಿಷಕ್ಕೂ ಕಡಿಮೆ. ಮರುವರ್ಷದ ‘ಲೈವ್/ಡೆಡ್’ನಲ್ಲಿ 23 ನಿಮಿಷ. ಇಲ್ಲಿ ಆಲ್ಮನ್‌ಗಳ ಬಿಗಿ ಹುಡುಕಬಾರದು. ಜೆರ‍್ರಿ ಗಾರ್ಸಿಯಾ ಅವರ ಗಿಟಾರೂ ಫಿಲ್ ಲೆಶ್ ಅವರ ಬೇಸೂ ಒಂದನ್ನೊಂದು ಹಿಂಬಾಲಿಸುವುದಕ್ಕಿಂತ ಒಟ್ಟಿಗೆ ಅಲೆಯುತ್ತವೆ. ಕೆಲವು ನಿಮಿಷ ಎತ್ತಲೂ ಸಾಗದಂತೆ ಕಂಡರೆ ಅದೂ ನಿಜವೇ.

ಇನ್ನೂ ಹಸಿವಿದ್ದವರಿಗೆ ಆಲ್ಮನ್ ಬ್ರದರ್ಸ್ ಬ್ಯಾಂಡ್‌ನದೇ ‘ಮೌಂಟನ್ ಜಾಮ್’ ಇದೆ. ಫಿಲ್‌ಮೋರ್‌ನ ‘ವಿಪ್ಪಿಂಗ್ ಪೋಸ್ಟ್’ ಮುಗಿದು ಚಪ್ಪಾಳೆಯ ನಡುವೆ ಸದ್ದು ಕ್ಷೀಣಿಸುವಾಗ ಕೇಳಿಬರುವ ಟಿಂಪನಿ ಈ ಜಾಮ್‌ನದೇ ಆರಂಭ. ಮುಂದುವರಿದ ಭಾಗ 1972ರ ‘ಈಟ್ ಎ ಪೀಚ್’ ಆಲ್ಬಂನಲ್ಲಿ ಹೊರಬಂತು; ಅಷ್ಟರಲ್ಲಿ ಡ್ವೇನ್ ತೀರಿಕೊಂಡಿದ್ದರು. 33 ನಿಮಿಷ ಒಂದು ಬದಿಗೆ ಹಿಡಿಸದೆ ಅದನ್ನು ಎರಡಾಗಿ ತುಂಡರಿಸಿದ್ದರು, ನಡುವೆ ಎದ್ದು ತಟ್ಟೆ ಬದಲಿಸಬೇಕಿತ್ತು. ಸಿಡಿ ಬಂದ ಮೇಲೆ ಆ ಕಾಟ ತಪ್ಪಿದೆ. ನಡುವಿನ ಡ್ರಮ್ ಸೋಲೋ ಮಾತ್ರ ಹಾಗೆಯೇ ಇದೆ. ಮೊದಲ ಸಲಕ್ಕೆ ಅದನ್ನು ಹಾರಿಸಿ ಮುಂದೆ ಹೋದರೂ ನಡೆದೀತು.