ಬಿಳಿ ಟೋಪಿ, ಕರಿ ಟೋಪಿ: ಒಂದು ವರ್ಗೀಕರಣದ ವಿಮರ್ಶೆ

ಕಂಪ್ಯೂಟರ್ ಭದ್ರತೆಯನ್ನು ಕುರಿತ ಬರಹಗಳಲ್ಲಿ ಹ್ಯಾಕರುಗಳನ್ನು ಟೋಪಿಯ ಬಣ್ಣದಿಂದ ಗುರುತಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಹಳೆಯ ಅಮೆರಿಕನ್ ಕೌಬಾಯ್ ಚಿತ್ರಗಳಲ್ಲಿ ನಾಯಕನಿಗೆ ಬಿಳಿಯ ಟೋಪಿಯನ್ನೂ ಖಳನಿಗೆ ಕಪ್ಪು ಟೋಪಿಯನ್ನೂ ತೊಡಿಸುತ್ತಿದ್ದ ಪದ್ಧತಿಯಿಂದ ಬಂದ ಈ ವರ್ಗೀಕರಣದ ಪ್ರಕಾರ, ಮಾಲೀಕರ ಒಪ್ಪಿಗೆ ಪಡೆದು ವ್ಯವಸ್ಥೆಯ ಭದ್ರತಾ ಲೋಪಗಳನ್ನು ಹುಡುಕಿಕೊಡುವವರು ‘ಬಿಳಿ ಟೋಪಿ’ಯವರು ಅಥವಾ ಎಥಿಕಲ್ ಹ್ಯಾಕರುಗಳು, ಒಪ್ಪಿಗೆಯಿಲ್ಲದೆ ಒಳನುಗ್ಗಿ ಲಾಭ ಮಾಡಿಕೊಳ್ಳುವವರು ‘ಕರಿ ಟೋಪಿ’ಯವರು, ಒಪ್ಪಿಗೆ ಪಡೆಯದಿದ್ದರೂ ಕೇಡು ಬಯಸದವರು ಇವರಿಬ್ಬರ ನಡುವಿನ ‘ಬೂದು ಟೋಪಿ’ಯವರು. ಪಾಠ ಹೇಳಲು ಅನುಕೂಲವಾದ ಈ ವಿಂಗಡಣೆ ತರಬೇತಿ ಕೇಂದ್ರಗಳ ಜಾಹೀರಾತಿಗೂ ಸಲೀಸಾಗಿ ಒಗ್ಗಿಕೊಂಡಿದೆ. ಆದರೆ ಕೃತ್ಯಕ್ಕೆ ಹಚ್ಚಬೇಕಾದ ಬಣ್ಣವನ್ನು ಅದು ವ್ಯಕ್ತಿಗೆ ಹಚ್ಚುವುದರಿಂದ, ಒಂದು ನಿರ್ದಿಷ್ಟ ಪ್ರಕರಣವನ್ನು ಎದುರಿಗಿಟ್ಟುಕೊಂಡು ಸರಿತಪ್ಪು ನಿರ್ಣಯಿಸಬೇಕಾದಾಗ ಕೈಕೊಡುತ್ತದೆ. ಪ್ರಸಿದ್ಧ ಹ್ಯಾಕರುಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಒಂದು ತಲೆಯ ಮೇಲೆ ಒಂದೇ ಟೋಪಿ ಕೊನೆಯವರೆಗೂ ನಿಂತ ಉದಾಹರಣೆಗಳು ಅಷ್ಟೇನೂ ಸಿಗುವುದಿಲ್ಲ.

ಈ ತೊಡಕು ಮೊದಲ ಬಾರಿಗೆ ನ್ಯಾಯಾಲಯದ ಮುಂದೆ ಬಂದದ್ದು ರಾಬರ್ಟ್ ಟ್ಯಾಪನ್ ಮಾರಿಸ್ ಅವರ ಪ್ರಕರಣದಲ್ಲಿ ಎನ್ನಬಹುದು. ಕಾರ್ನೆಲ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಮಾರಿಸ್ 1988ರ ನವೆಂಬರ್ 2ರಂದು ಒಂದು ‘ವರ್ಮ್’ ಅನ್ನು, ಅಂದರೆ ಬಳಕೆದಾರನ ನೆರವಿಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ನಕಲಾಗಿ ಹಬ್ಬುವ ಪ್ರೋಗ್ರಾಮನ್ನು, ಇಂಟರ್ನೆಟ್ಟಿಗೆ ಬಿಟ್ಟರು. ಅದು ಕಡತಗಳನ್ನು ಅಳಿಸುತ್ತಿರಲಿಲ್ಲ, ಹಣ ಕದಿಯುತ್ತಿರಲಿಲ್ಲ. ಇಮೇಲ್ ರವಾನಿಸುವ ಸೆಂಡ್‌ಮೇಲ್ ಮತ್ತು ಬಳಕೆದಾರರ ವಿವರ ತೋರಿಸುವ ಫಿಂಗರ್ ಎಂಬ ಪ್ರೋಗ್ರಾಮುಗಳಲ್ಲಿದ್ದ ಲೋಪಗಳನ್ನೂ ಜನ ಇಟ್ಟುಕೊಂಡಿದ್ದ ದುರ್ಬಲ ಪಾಸ್‌ವರ್ಡುಗಳನ್ನೂ ಬಳಸಿಕೊಂಡು ಸುಮ್ಮನೆ ಹರಡುತ್ತಿತ್ತು. ಒಂದು ಯಂತ್ರದಲ್ಲಿ ತನ್ನ ಪ್ರತಿ ಈಗಾಗಲೇ ಇದೆಯೇ ಎಂದು ಅದು ವಿಚಾರಿಸುತ್ತಿತ್ತಾದರೂ, ‘ಇದೆ’ ಎಂದು ಸುಳ್ಳು ಉತ್ತರ ಕೊಟ್ಟು ಅದನ್ನು ತಡೆಯಲು ಯಾರಾದರೂ ಯತ್ನಿಸಬಹುದೆಂಬ ಅನುಮಾನದಿಂದ, ಏಳು ಸಲಕ್ಕೆ ಒಂದು ಸಲ ಉತ್ತರವನ್ನು ಲೆಕ್ಕಿಸದೆ ನೆಲೆಯೂರಬೇಕೆಂದು ಮಾರಿಸ್ ಗೊತ್ತುಪಡಿಸಿದ್ದರು. ಈ ಒಂದು ಅಂಕಿಯೇ ಅನಾಹುತಕ್ಕೆ ಕಾರಣವಾಯಿತು. ಒಂದೇ ಯಂತ್ರದಲ್ಲಿ ಹತ್ತಾರು ಪ್ರತಿಗಳು ಸೇರಿ, ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾಲಯಗಳ ಕಂಪ್ಯೂಟರುಗಳು ನಿಂತಲ್ಲೇ ನಿಂತವು. ಆಗ ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟು ಇದಕ್ಕೆ ತುತ್ತಾದವೆಂಬುದು ರೂಢಿಯಲ್ಲಿರುವ ಅಂದಾಜು.

ಹಾನಿ ಮಾಡುವ ಉದ್ದೇಶ ತಮಗಿರಲಿಲ್ಲವೆಂಬ ಮಾರಿಸ್ ಅವರ ವಾದವನ್ನು ನಂಬದಿರಲು ಕಾರಣಗಳು ಹೆಚ್ಚಿಲ್ಲ. ಆದರೆ 1986ರ ಅಮೆರಿಕನ್ ಕಂಪ್ಯೂಟರ್ ವಂಚನೆ ಕಾಯ್ದೆಯಡಿ ನಡೆದ ಈ ಮೊಕದ್ದಮೆಯಲ್ಲಿ, ಅನುಮತಿಯಿಲ್ಲದ ಪ್ರವೇಶ ಉದ್ದೇಶಪೂರ್ವಕವಾಗಿದ್ದರೆ ಸಾಕು, ಹಾನಿಯೂ ಉದ್ದೇಶಪೂರ್ವಕವಾಗಿತ್ತೆಂದು ಸಾಬೀತುಪಡಿಸಬೇಕಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಹೇಳಿತು. ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮುದಾಯ ಸೇವೆ, 10,050 ಡಾಲರ್ ದಂಡ ಶಿಕ್ಷೆಯಾಗಿ ಉಳಿದವು. ಈ ತೀರ್ಪು ನಿಷ್ಠುರವೆನಿಸಿದರೂ ತಪ್ಪೆನ್ನಲಾಗದು, ಏಕೆಂದರೆ ಮಾರಿಸ್ ತಮ್ಮ ಪ್ರೋಗ್ರಾಮನ್ನು ತಾವು ಓದುತ್ತಿದ್ದ ಕಾರ್ನೆಲ್‌ನಿಂದಲ್ಲದೆ ಮೂಲ ತಿಳಿಯದಿರಲೆಂದು ಎಂಐಟಿಯ ಯಂತ್ರವೊಂದರಿಂದ ಬಿಟ್ಟಿದ್ದರು. ಬರೀ ಪ್ರಯೋಗವಾಗಿದ್ದರೆ ಅದಕ್ಕೆ ಈ ಮರೆಮಾಚುವಿಕೆ ಬೇಕಿರಲಿಲ್ಲ. ಅದೇ ಎಂಐಟಿಯಲ್ಲಿ ಅವರು ಮುಂದೆ ಪ್ರಾಧ್ಯಾಪಕರಾದರು. ಇಂಥ ತುರ್ತಿನಲ್ಲಿ ಸಂಸ್ಥೆಗಳು ಒಂದನ್ನೊಂದು ಸಂಪರ್ಕಿಸಲು ದಾರಿಯೇ ಇಲ್ಲವೆಂಬುದು ಈ ಘಟನೆಯಿಂದ ಬಯಲಾದ್ದರಿಂದ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಹುಟ್ಟಿಕೊಂಡಿತು. ಭಾರತದ ಸರ್ಟ್-ಇನ್ ಆ ಮಾದರಿಯ ಸಂಸ್ಥೆಯೇ.

ಕೆವಿನ್ ಮಿಟ್ನಿಕ್ ಅವರ ಖ್ಯಾತಿ ಇದಕ್ಕಿಂತ ದೊಡ್ಡದು, ಅದರಲ್ಲಿ ಪತ್ರಿಕೆಗಳ ಪಾಲೂ ಸಾಕಷ್ಟಿದೆ. ಫೋನಿನಲ್ಲಿ ಸಹೋದ್ಯೋಗಿಯಂತೆ ಮಾತಾಡಿ, ಎದುರಿಗಿದ್ದವರ ನಂಬಿಕೆ ಗಳಿಸಿ, ಪಾಸ್‌ವರ್ಡನ್ನೋ ಕಡತವನ್ನೋ ಅವರಿಂದಲೇ ಪಡೆಯುವ ‘ಸೋಷಿಯಲ್ ಎಂಜಿನಿಯರಿಂಗ್’ ಅವರ ಮುಖ್ಯ ಅಸ್ತ್ರವಾಗಿತ್ತು. ಮೊಟೊರೋಲಾ ಕಂಪನಿಯ ಮೊಬೈಲ್ ಫೋನಿನ ಮೂಲ ಸಂಕೇತವನ್ನು ಅವರು ಪಡೆದದ್ದು ಹೀಗೆ. 1995ರ ಫೆಬ್ರವರಿಯಲ್ಲಿ ಸೆರೆಸಿಕ್ಕ ಅವರು ಶಿಕ್ಷೆ ನಿಗದಿಯಾಗುವ ಮೊದಲೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದರು, 2000ದ ಜನವರಿಯಲ್ಲಿ ಬಿಡುಗಡೆಯಾದ ಮೇಲೂ 2003ರ ಆರಂಭದವರೆಗೆ ಇಂಟರ್ನೆಟ್ ಬಳಸುವಂತಿರಲಿಲ್ಲ. ಆ ಬಳಿಕ ಭದ್ರತಾ ಸಲಹೆಗಾರರಾಗಿ, ಕಂಪನಿಗಳ ಕೋರಿಕೆಯ ಮೇರೆಗೆ ಅದೇ ಫೋನ್ ಕರೆಗಳ ವಿದ್ಯೆಯನ್ನು ಪ್ರಯೋಗಿಸಿ ಅವರು ಹೆಸರು ಮಾಡಿದರು. ತಾವು ಕದ್ದದ್ದು ಬರೀ ಕುತೂಹಲಕ್ಕಾಗಿ, ಹಣಕ್ಕಾಗಿ ಅಲ್ಲ ಎಂಬ ಅವರ ಸಮರ್ಥನೆಯನ್ನು ಅಭಿಮಾನಿಗಳು ಇಂದಿಗೂ ಎತ್ತಿಹಿಡಿಯುತ್ತಾರೆ. ಅವರಿಗಾದ ಶಿಕ್ಷೆ ಅತಿಯಾಯಿತೆಂಬುದನ್ನು ಒಪ್ಪಬಹುದು. ಸಮರ್ಥನೆಯನ್ನು ಒಪ್ಪುವುದು ಕಷ್ಟ. ಕುತೂಹಲ ತಣಿದದ್ದು ಒಬ್ಬರದು, ಆ ಕರೆಯನ್ನು ನಂಬಿ ಕಡತ ಕಳಿಸಿದ ನೌಕರರು ತಮ್ಮ ಮೇಲಧಿಕಾರಿಗಳಿಗೆ ಕೊಡಬೇಕಾದ ಉತ್ತರ ಮತ್ತೊಬ್ಬರದು. ಅವರ ಬದುಕಿನ ಎರಡು ಭಾಗಗಳಲ್ಲೂ ವಿದ್ಯೆ ಒಂದೇ, ಸುಳ್ಳು ಹೇಳುವ ಕೌಶಲವೂ ಒಂದೇ. ಎರಡನೆಯ ಭಾಗದಲ್ಲಿ ಆ ಕರೆಗಳಿಗೆ ಮೊದಲೇ ಆದ ಲಿಖಿತ ಕರಾರಿತ್ತು, ಯಾವ ವಿಭಾಗವನ್ನು ಪರೀಕ್ಷಿಸಬಹುದು, ಯಾವುದನ್ನು ಮುಟ್ಟಬಾರದು ಎಂಬ ಎಲ್ಲೆಯಿತ್ತು, ಕೊನೆಗೆ ಒಂದು ವರದಿಯಿತ್ತು.

ಹಾಗಾದರೆ ಒಪ್ಪಿಗೆಯೊಂದಿದ್ದರೆ ಸಾಕೇ? ಆಲ್ಬರ್ಟ್ ಗೊನ್ಸಾಲೆಸ್ ಅವರ ಪ್ರಕರಣ ಬೇರೆಯದನ್ನೇ ಹೇಳುತ್ತದೆ. 2003ರಲ್ಲಿ ಸಿಕ್ಕಿಬಿದ್ದ ಮೇಲೆ ಅವರು ಅಮೆರಿಕದ ಸೀಕ್ರೆಟ್ ಸರ್ವಿಸ್ ಪರವಾಗಿ ಕಾರ್ಡ್ ಕಳ್ಳರ ಜಾಲವನ್ನು ಬಯಲಿಗೆಳೆಯುವ ಮಾಹಿತಿದಾರರಾದರು, ಅದಕ್ಕೆ ಸಂಭಾವನೆಯನ್ನೂ ಪಡೆದರು. ಅದೇ ಅವಧಿಯಲ್ಲಿ ಅಂಗಡಿ ಸರಣಿಗಳ ಮತ್ತು ಪಾವತಿ ಸಂಸ್ಥೆಗಳ ಜಾಲಗಳಿಂದ ಕೋಟಿಗಟ್ಟಲೆ ಕಾರ್ಡುಗಳ ವಿವರಗಳನ್ನು ಕದಿಯುವ ತಂಡವನ್ನೂ ನಡೆಸುತ್ತಿದ್ದರು. 2010ರಲ್ಲಿ ಅವರಿಗೆ 20 ವರ್ಷಗಳ ಶಿಕ್ಷೆಯಾಯಿತು. ಸರಕಾರವೇ ತೊಡಿಸಿದ ಬಿಳಿ ಟೋಪಿ ಇಲ್ಲಿ ಕಳವಿಗೆ ಅತ್ಯುತ್ತಮ ಮರೆಯಾಗಿತ್ತು.

ಮರೆ ಬೇಕಾಗುವುದು ಕಳ್ಳರಿಗೆ ಮಾತ್ರವಲ್ಲ. ಲೋಪವನ್ನು ಕಂಡುಹಿಡಿದು ತಿಳಿಸಿದವರಿಗೆ ಕಂಪನಿಗಳು ಬಹುಮಾನ ಕೊಡುವ ‘ಬಗ್ ಬೌಂಟಿ’ ಪದ್ಧತಿ ಈಗ ಎಥಿಕಲ್ ಹ್ಯಾಕಿಂಗಿನ ಬೆನ್ನೆಲುಬಾಗಿದೆ. 2016ರಲ್ಲಿ ಉಬರ್ ಕಂಪನಿಯ 5.7 ಕೋಟಿ ಪ್ರಯಾಣಿಕರ ಮತ್ತು ಚಾಲಕರ ಮಾಹಿತಿಯನ್ನು ಇಬ್ಬರು ನಕಲು ಮಾಡಿಕೊಂಡು ಹಣ ಕೇಳಿದಾಗ, ಕಂಪನಿ ಒಂದು ಲಕ್ಷ ಡಾಲರನ್ನು ಬಗ್ ಬೌಂಟಿಯ ಹೆಸರಿನಲ್ಲೇ ಕೊಟ್ಟು, ಬಾಯಿಬಿಡದಂತೆ ಕರಾರು ಬರೆಸಿಕೊಂಡಿತು. ಒತ್ತೆಹಣ ಬಹುಮಾನವಾಯಿತು, ಸುಲಿಗೆಕೋರರು ಕಾಗದದ ಮೇಲೆ ಸಂಶೋಧಕರಾದರು. ವಿಷಯ ಒಂದು ವರ್ಷ ಹೊರಬರಲಿಲ್ಲ. ಇದಕ್ಕಾಗಿ 2022ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದ ಭದ್ರತಾ ಮುಖ್ಯಸ್ಥ ಜೋ ಸಲಿವನ್ ಹಿಂದೆ ಕಂಪ್ಯೂಟರ್ ಅಪರಾಧಗಳನ್ನೇ ನೋಡಿಕೊಳ್ಳುತ್ತಿದ್ದ ಸರಕಾರಿ ವಕೀಲರಾಗಿದ್ದರು. ಮಾಲೀಕನ ಒಪ್ಪಿಗೆಯನ್ನೇ ನೈತಿಕತೆಯ ಏಕೈಕ ಅಳತೆಯಾಗಿಸಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ: ಇಲ್ಲಿ ಒಪ್ಪಿಗೆ ಕೃತ್ಯದ ನಂತರ, ಕೃತ್ಯವನ್ನು ಮುಚ್ಚಿಡುವುದಕ್ಕಾಗಿ ಸಿಕ್ಕಿತು, ಮಾಹಿತಿ ಕಳೆದುಕೊಂಡ ಚಾಲಕರನ್ನು ಯಾರೂ ಕೇಳಲಿಲ್ಲ.

ಉದ್ದೇಶಕ್ಕೂ ಪರಿಣಾಮಕ್ಕೂ ಮಾರಿಸ್ ಪ್ರಕರಣದಲ್ಲಿ ಕಂಡ ಅಂತರದ ತಲೆಕೆಳಗಾದ ರೂಪ ಮಾರ್ಕಸ್ ಹಚಿನ್ಸ್ ಅವರ ಪ್ರಕರಣದಲ್ಲಿದೆ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್, ಅಂದರೆ ಕಡತಗಳಿಗೆ ಗೂಢಲಿಪಿಯ ಬೀಗ ಹಾಕಿ ಬಿಡಿಸಲು ಹಣ ಕೇಳುವ ಪ್ರೋಗ್ರಾಮ್, ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳೂ ಸೇರಿದಂತೆ ಸುಮಾರು 150 ದೇಶಗಳಿಗೆ ಹಬ್ಬಿತು. ಡೆವನ್ ಪ್ರಾಂತದ ಸಣ್ಣ ಊರೊಂದರಲ್ಲಿ ಕುಳಿತು ಅದರ ಮಾದರಿಯನ್ನು ಪರೀಕ್ಷಿಸುತ್ತಿದ್ದ 22 ವರ್ಷದ ಹಚಿನ್ಸ್, ಅದು ಕೆಲಸ ಶುರುಮಾಡುವ ಮುನ್ನ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ವೆಬ್ ವಿಳಾಸವೊಂದನ್ನು ಸಂಪರ್ಕಿಸಲು ಯತ್ನಿಸುವುದನ್ನು ಗಮನಿಸಿ, ಆ ವಿಳಾಸ ಯಾರ ಹೆಸರಿನಲ್ಲೂ ಇಲ್ಲದ್ದರಿಂದ ಹತ್ತು ಡಾಲರಿನಷ್ಟು ಕೊಟ್ಟು ತಮ್ಮ ಹೆಸರಿಗೆ ನೋಂದಾಯಿಸಿದರು. ಸೋಂಕಿನ ವ್ಯಾಪ್ತಿಯನ್ನು ಅಳೆಯುವುದಷ್ಟೇ ಅವರ ಇರಾದೆಯಾಗಿತ್ತು. ಆದರೆ ಆ ವಿಳಾಸದಿಂದ ಉತ್ತರ ಬಂದರೆ ಪ್ರೋಗ್ರಾಮ್ ತಾನಾಗಿಯೇ ನಿಲ್ಲುವಂತೆ ಬರೆಯಲಾಗಿತ್ತು, ಹರಡುವಿಕೆ ನಿಂತಿತು. ಮಾರಿಸ್ ಕೇಡು ಬಯಸದೆ ಕೇಡು ಮಾಡಿದ್ದರೆ, ಹಚಿನ್ಸ್ ತಿಳಿಯದೆಯೇ ರಕ್ಷಕರಾದರು. ಮೂರು ತಿಂಗಳೊಳಗೆ ಲಾಸ್ ವೇಗಸ್ಸಿನಲ್ಲಿ ಅವರ ಬಂಧನವಾಯಿತು. ಹದಿಹರೆಯ ದಾಟುವ ಹೊತ್ತಿನಲ್ಲಿ ಬ್ಯಾಂಕ್ ಪಾಸ್‌ವರ್ಡುಗಳನ್ನು ಕದಿಯುವ ಕ್ರೋನೋಸ್ ಎಂಬ ಪ್ರೋಗ್ರಾಮನ್ನು ಮಾರಾಟಕ್ಕೆಂದು ಬರೆದುಕೊಟ್ಟದ್ದನ್ನು ಅವರು 2019ರಲ್ಲಿ ಒಪ್ಪಿಕೊಂಡರು. ನ್ಯಾಯಾಧೀಶ ಸ್ಟಾಟ್‌ಮುಲ್ಲರ್ ಅಪರಾಧವನ್ನು ಅಪರಾಧವೆಂದೇ ದಾಖಲಿಸಿ, ನಂತರದ ಕೆಲಸವನ್ನೂ ಪರಿಗಣಿಸಿ, ಹೊಸದಾಗಿ ಜೈಲುವಾಸ ವಿಧಿಸದೆ ಬಿಟ್ಟರು. ಎರಡು ಕೃತ್ಯಗಳನ್ನು ಒಂದರಿಂದೊಂದು ಕಳೆಯದೆ ಬೇರೆಬೇರೆಯಾಗಿ ತೂಗಿದ ಈ ತೀರ್ಪು, ಟೋಪಿಯ ವರ್ಗೀಕರಣಕ್ಕಿಂತ ಹೆಚ್ಚು ಪ್ರಬುದ್ಧವಾದ ವಿಮರ್ಶೆ. ವಾನಾಕ್ರೈ ಬಳಸಿಕೊಂಡ ವಿಂಡೋಸ್ ಲೋಪವನ್ನು ಮೊದಲು ಕಂಡುಹಿಡಿದು ಗುಟ್ಟಾಗಿಟ್ಟಿದ್ದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಎಂಬುದನ್ನು ನೆನೆದರೆ, ಸರಕಾರಗಳಿಗೆ ಯಾವ ಬಣ್ಣದ ಟೋಪಿ ಎಂಬ ಪ್ರಶ್ನೆಯೂ ಏಳುತ್ತದೆ. ಆ ವರ್ಗೀಕರಣದಲ್ಲಿ ಅದಕ್ಕೆ ಉತ್ತರವಿಲ್ಲ.

ಬಣ್ಣಗಳನ್ನು ಬದಿಗಿಟ್ಟು ಕೃತ್ಯವನ್ನೇ ನೋಡುವುದಾದರೆ ಗಮನಿಸಬೇಕಾದ್ದು ಒಳಗೆ ಹೋಗಲು ದಾರಿ ಸಿಕ್ಕ ಮೇಲಿನ ನಡವಳಿಕೆಯನ್ನು. ಇದಕ್ಕೆ ಬೆಂಗಳೂರಿನಲ್ಲಿ ಭದ್ರತಾ ಎಂಜಿನಿಯರಾಗಿದ್ದ ಆನಂದ್ ಪ್ರಕಾಶ್ 2016ರ ಫೆಬ್ರವರಿಯಲ್ಲಿ ಮಾಡಿದ ಕೆಲಸ ಒಳ್ಳೆಯ ನಿದರ್ಶನ. ಫೇಸ್‌ಬುಕ್ ಪಾಸ್‌ವರ್ಡ್ ಮರೆತವರ ಫೋನಿಗೋ ಇಮೇಲಿಗೋ ಆರು ಅಂಕಿಗಳ ಸಂಕೇತವೊಂದು ಬರುತ್ತಿತ್ತು, ಅದನ್ನು ನಮೂದಿಸಿದರೆ ಹೊಸ ಪಾಸ್‌ವರ್ಡ್ ಇಡಬಹುದಾಗಿತ್ತು. ಆರು ಅಂಕಿಗಳೆಂದರೆ ಹತ್ತು ಲಕ್ಷ ಸಾಧ್ಯತೆಗಳು; ಕಂಪ್ಯೂಟರಿಗೆ ಇವನ್ನೆಲ್ಲ ಒಂದೊಂದಾಗಿ ಪ್ರಯತ್ನಿಸುವುದು ದೊಡ್ಡ ಕೆಲಸವಲ್ಲವಾದ್ದರಿಂದ, ಹತ್ತು ಹನ್ನೆರಡು ತಪ್ಪು ಯತ್ನಗಳಾದೊಡನೆ ಮುಖ್ಯ ತಾಣ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೊಸ ಸೌಲಭ್ಯಗಳನ್ನು ಪರೀಕ್ಷಿಸುವ ಬೀಟಾ ತಾಣದಲ್ಲಿ ಈ ಮಿತಿಯನ್ನು ಹಾಕಲು ಕಂಪನಿ ಮರೆತಿತ್ತು. ಅಂದರೆ ಯಾರ ಖಾತೆಯನ್ನು ಬೇಕಾದರೂ ವಶಪಡಿಸಿಕೊಳ್ಳುವ ದಾರಿ ಪ್ರಕಾಶ್ ಅವರ ಕೈಯಲ್ಲಿತ್ತು. ಅವರು ಅದನ್ನು ತಮ್ಮದೇ ಖಾತೆಯ ಮೇಲೆ ಪ್ರಯೋಗಿಸಿ, ಪಾಸ್‌ವರ್ಡ್ ಬದಲಾದದ್ದನ್ನು ಖಚಿತಪಡಿಸಿಕೊಂಡು, ಕಂಪನಿಗೆ ತಿಳಿಸಿದರು. ಲೋಪ ಸರಿಹೋಯಿತು, ಅವರಿಗೆ 15,000 ಡಾಲರ್ ಬಹುಮಾನ ಬಂತು. ಇದೇ ಪ್ರೋಗ್ರಾಮನ್ನು ಇನ್ನೊಬ್ಬರ ಖಾತೆಯ ಮೇಲೆ ಓಡಿಸಿದ್ದರೆ ಒಂದು ಸಾಲನ್ನೂ ಬದಲಿಸಬೇಕಿರಲಿಲ್ಲ, ಖಾತೆಯ ಹೆಸರನ್ನು ಬದಲಿಸಿದ್ದರೆ ಸಾಕಿತ್ತು.

ತಿಳಿಸುವುದರಲ್ಲೂ ಕ್ರಮವಿದೆ. ವೆಬ್ ವಿಳಾಸದ ಹೆಸರನ್ನು ಯಂತ್ರಕ್ಕೆ ಬೇಕಾದ ಸಂಖ್ಯೆಗೆ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ, ಜನರನ್ನು ನಕಲಿ ತಾಣಗಳಿಗೆ ತಿರುಗಿಸಬಲ್ಲ ಲೋಪವನ್ನು 2008ರಲ್ಲಿ ಕಂಡುಹಿಡಿದ ಡ್ಯಾನ್ ಕಮಿನ್ಸ್ಕಿ, ಅದನ್ನು ಮೊದಲು ತಜ್ಞರ ಸಣ್ಣ ಗುಂಪಿಗೆ ಗುಟ್ಟಾಗಿ ತಿಳಿಸಿ, ಹಲವು ಕಂಪನಿಗಳು ಒಂದೇ ದಿನ ಪ್ಯಾಚ್, ಅಂದರೆ ಲೋಪ ಮುಚ್ಚುವ ತಿದ್ದುಪಡಿ, ಹೊರಡಿಸುವಂತೆ ಮಾಡಿದರು. ವಿವರಗಳನ್ನು ಇನ್ನೂ ಒಂದು ತಿಂಗಳು ತಡೆಹಿಡಿಯುವ ಅವರ ಯೋಜನೆ ಎರಡೇ ವಾರಗಳಲ್ಲಿ ಮುರಿದುಬಿದ್ದರೂ, ಅಷ್ಟರಲ್ಲಿ ಪ್ಯಾಚ್ ಜನರ ಕೈಸೇರಿತ್ತು. ಮಾಲೀಕರೇ ಕಿವಿಗೊಡದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ, ಗೂಗಲ್ 2014ರಲ್ಲಿ ಕಟ್ಟಿದ ಪ್ರಾಜೆಕ್ಟ್ ಝೀರೋ ತಂಡ 90 ದಿನಗಳ ಗಡುವಿನ ಉತ್ತರ ಕೊಟ್ಟಿದೆ. ಗಡುವು ಕಂಪನಿಗಳಿಗೆ ಕಿರಿಕಿರಿಯೆನಿಸಿದರೂ, ಅದಿಲ್ಲದಿದ್ದರೆ ಎಷ್ಟೋ ಲೋಪಗಳು ಮೇಜಿನ ಮೇಲೇ ಉಳಿಯುತ್ತಿದ್ದವು.

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000, ಈ ಸೂಕ್ಷ್ಮಗಳಿಗೆ ಅರ್ಧದಷ್ಟು ಮಾತ್ರ ಜಾಗ ಕೊಡುತ್ತದೆ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸಿದವರು ಪರಿಹಾರ ಕೊಡಬೇಕೆನ್ನುತ್ತದೆ 43ನೆಯ ಕಲಂ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದರೆ ಮೂರು ವರ್ಷಗಳವರೆಗೆ ಜೈಲು, ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಎನ್ನುತ್ತದೆ ತಿದ್ದುಪಡಿಯಾದ 66ನೆಯ ಕಲಂ. ಅಪ್ರಾಮಾಣಿಕತೆಯನ್ನು ಬೇರ್ಪಡಿಸಿದ್ದು ಮಾರಿಸ್ ತೀರ್ಪಿಗಿಂತ ಉದಾರವಾದ ನಿಲುವು. ಆದರೆ ಸದುದ್ದೇಶದ ಸಂಶೋಧಕರಿಗೆ ನೇರ ರಕ್ಷಣೆ ಕೊಡುವ ಕಲಂ ಇದರಲ್ಲಿಲ್ಲ.

ಅನುಮತಿಯನ್ನು ಕೊಡಬೇಕಾದವರು ಕೊಡಲೊಲ್ಲದ ಕಡೆ ಈ ಕೊರತೆ ಢಾಳಾಗಿ ಕಾಣುತ್ತದೆ. ಹೈದರಾಬಾದಿನ ತಂತ್ರಜ್ಞ ಹರಿಪ್ರಸಾದ್ 2010ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮೊದಲಾದವರೊಂದಿಗೆ ಸೇರಿ, ಹೆಸರು ಹೇಳಲಿಚ್ಛಿಸದವರಿಂದ ಬಂದ ವಿದ್ಯುನ್ಮಾನ ಮತಯಂತ್ರವೊಂದನ್ನು ಬಿಚ್ಚಿ ಪರೀಕ್ಷಿಸಿ, ಯಂತ್ರ ಕೈಗೆ ಸಿಕ್ಕರೆ ಅದನ್ನು ಹೇಗೆ ತಿದ್ದಬಹುದೆಂಬುದನ್ನು ಪ್ರಕಟಿಸಿದರು. ಚುನಾವಣಾ ಆಯೋಗದ ಕಾವಲಿನಲ್ಲಿ ಯಂತ್ರ ಯಾರ ಕೈಗೂ ಹಾಗೆ ಸಿಗುವುದಿಲ್ಲ ಎಂಬುದು ಆಯೋಗದ ಕಡೆಯ ವಾದವಾಗಿತ್ತು. ಆಗಸ್ಟಿನಲ್ಲಿ ಹರಿಪ್ರಸಾದ್ ಯಂತ್ರದ ಕಳವಿನ ಆರೋಪದ ಮೇಲೆ ಬಂಧಿತರಾಗಿ, ಬಳಿಕ ಜಾಮೀನಿನ ಮೇಲೆ ಹೊರಬಂದರು. ಅವರ ತೀರ್ಮಾನಗಳನ್ನು ಒಪ್ಪುವುದು ಬಿಡುವುದು ಬೇರೆಯ ಚರ್ಚೆ. ಅವರು ಯಾರ ಮತವನ್ನೂ ತಿದ್ದಲಿಲ್ಲ, ಕಂಡದ್ದನ್ನು ಹೆಸರು ಹಾಕಿಯೇ ಪ್ರಕಟಿಸಿದರು ಎಂಬುದಂತೂ ದಾಖಲೆಯಲ್ಲಿದೆ, ಆದರೆ ಕಳವಿನ ಮೊಕದ್ದಮೆಯಲ್ಲಿ ಆ ಸಂಗತಿಗಳಿಗೆ ಸಲ್ಲುವ ಬೆಲೆ ಕಡಿಮೆ. ಮತದಾರ ತಾನು ಒತ್ತಿದ್ದನ್ನು ಕಾಗದದ ಮೇಲೆ ಕಂಡು ಖಚಿತಪಡಿಸಿಕೊಳ್ಳುವ ವಿವಿಪ್ಯಾಟ್ ವ್ಯವಸ್ಥೆಯನ್ನು ಹಂತಹಂತವಾಗಿ ತರಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದೂ ಈ ಮೊಕದ್ದಮೆಯಲ್ಲಲ್ಲ, ಬೇರೊಂದು ಅರ್ಜಿಯ ಮೇಲೆ.