ಹೊರೆ ಹೊರಲು ಹುಟ್ಟಿದ ಕಾರನ್ನು ನೆಲಕ್ಕೆ ಕೂರಿಸುವವರು

ಮರ್ಸಿಡಿಸ್ ಬೆಂಝ್ ತನ್ನದೇ ಕಾರ್ಖಾನೆಯಲ್ಲಿ ಕಟ್ಟಿದ ಮೊದಲ ಸ್ಟೇಷನ್ ವ್ಯಾಗನ್ನನ್ನು ಜನರ ಮುಂದಿಟ್ಟದ್ದು 1977ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ. ಎಸ್123 ಎಂದು ಬಲ್ಲವರು ಕರೆಯುವ ಈ ಕಾರಿನ ತಯಾರಿ ಮರುವರ್ಷ ಬ್ರೆಮೆನ್‌ನಲ್ಲಿ ಶುರುವಾಯಿತು. 1986ರಲ್ಲಿ ಅದು ನಿಲ್ಲುವ ಹೊತ್ತಿಗೆ ಸುಮಾರು ಎರಡು ಲಕ್ಷ ಕಾರುಗಳು ರಸ್ತೆಗಿಳಿದಿದ್ದವು. ಅದರ ನಿಜವಾದ ಜಾಣತನ ಇದ್ದದ್ದು ಕಣ್ಣಿಗೆ ಬೀಳದ ಜಾಗದಲ್ಲಿ, ಹಿಂಬದಿಯ ಸಸ್ಪೆನ್ಶನ್ನಿನಲ್ಲಿ. ಎಂಜಿನ್ನಿನ ಬಲದಿಂದ ಓಡುವ ಒಂದು ಪಂಪು, ಹಿಂದಿನ ಆಂಟಿರೋಲ್ ಬಾರಿಗೆ ಕೊಂಡಿ ಹಾಕಿದ ಒಂದು ವಾಲ್ವು, ಸಾರಜನಕ ತುಂಬಿದ ಎರಡು ಗುಂಡುಗಳು, ಇಷ್ಟೇ ಸರಂಜಾಮು. ಡಿಕ್ಕಿಗೆ ಮೂಟೆ ಬಿದ್ದು ಕಾರಿನ ಹಿಂಭಾಗ ಕುಸಿದರೆ ಕೊಂಡಿ ತಿರುಗುತ್ತದೆ, ವಾಲ್ವು ತೆರೆಯುತ್ತದೆ, ಆಯಿಲಿನ ಒತ್ತಡ ಏರಿ ಕಾರು ಮತ್ತೆ ತನ್ನ ಮಟ್ಟಕ್ಕೆ ಬರುತ್ತದೆ. ಮೂಟೆ ಇಳಿಸಿದರೆ ಹೆಚ್ಚಾದ ಆಯಿಲು ತೊಟ್ಟಿಗೆ ಮರಳುತ್ತದೆ. ಈ ಏರ್ಪಾಟಿನಲ್ಲಿ ಸೆನ್ಸರೂ ಇಲ್ಲ, ಕಂಪ್ಯೂಟರೂ ಇಲ್ಲ.

ಇವತ್ತು ಯೂರೋಪು, ಅಮೆರಿಕಗಳ ಹವ್ಯಾಸಿಗಳು ಈ ಕಾರನ್ನು ಗ್ಯಾರೇಜಿಗೆ ತಂದು ಮೊದಲು ಬಿಚ್ಚಿ ಎಸೆಯುವುದು ಇದೇ ಸರಂಜಾಮನ್ನು. ಆ ಜಾಗಕ್ಕೆ ನಾಲ್ಕು ಚಕ್ರಕ್ಕೂ ರಬ್ಬರಿನ ಗಾಳಿಚೀಲಗಳು ಬರುತ್ತವೆ. ಡಿಕ್ಕಿಯಲ್ಲಿ ಗಾಳಿಯ ಟ್ಯಾಂಕು, ಒಂದೋ ಎರಡೋ ಕಂಪ್ರೆಸರು, ವಾಲ್ವುಗಳ ಪೆಟ್ಟಿಗೆ ಕೂರುತ್ತವೆ. ಗುಂಡಿ ಒತ್ತಿದರೆ ಚೀಲದ ಗಾಳಿ ಹೊರಟು ಕಾರು ನೆಲಕ್ಕೆ ಕೂರುತ್ತದೆ, ಇನ್ನೊಂದು ಗುಂಡಿಗೆ ಏಳುತ್ತದೆ. ಕೊನೆಗೆ ಅಗಲವಾದ ಹೊಸ ಚಕ್ರಗಳು. ಈ ಕಸುಬನ್ನು ಬರೀ ಶೋಕಿ ಎಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರಿದವನಲ್ಲ. ಮೂಲದ ಸರಂಜಾಮಿಗೂ ನಲವತ್ತು ದಾಟಿದೆ. ಗುಂಡುಗಳ ಅನಿಲ ಸೋರಿಹೋದರೆ ಹಿಂಬದಿ ಕಲ್ಲಿನಂತೆ ಬಿರುಸಾಗುತ್ತದೆ, ಪೈಪುಗಳು ಜಿನುಗುತ್ತವೆ, ರಿಪೇರಿಯೂ ಅಗ್ಗವಲ್ಲ. ಹೇಗೂ ಬಿಚ್ಚಲೇಬೇಕಾದದ್ದನ್ನು ಬಿಚ್ಚಿ ತನಗೆ ಬೇಕಾದದ್ದನ್ನು ಹಾಕಿಕೊಂಡೆ ಎನ್ನುವ ಮಾಲೀಕನ ಮಾತಿನಲ್ಲಿ ನ್ಯಾಯವಿದೆ.

ಚೆಲುವಿನ ಮಾತಿಗೆ ಬಂದರಂತೂ ಈ ಕಾರಿಗೆ ತಗ್ಗುವುದು ಒಪ್ಪುತ್ತದೆ. ಸೆಡಾನಿನ ಚಾವಣಿ ಹಿಂದಿನ ಕಿಟಕಿಗೇ ಮುಗಿದುಹೋದರೆ ವ್ಯಾಗನ್ನಿನದು ಕೊನೆಯವರೆಗೂ ಓಡುತ್ತದೆ. ಅದರ ಮೇಲೆ ಕ್ಯಾರಿಯರಿನ ಎರಡು ಕಂಬಿ, ಕೆಳಗೆ ಕಿಟಕಿಗಳ ಸಾಲು, ಅದಕ್ಕೂ ಕೆಳಗೆ ಪಕ್ಕದ ಪಟ್ಟಿ. ಎಲ್ಲವೂ ಅಡ್ಡಗೆರೆಗಳೇ. ಕಾರು ನಾಲ್ಕು ಬೆರಳು ಕೆಳಗಿಳಿದರೆ ಈ ಗೆರೆಗಳೆಲ್ಲ ಇನ್ನಷ್ಟು ಉದ್ದವಾದಂತೆ ಕಾಣುತ್ತವೆ. ಆದರೆ ಆ ನೋಟವನ್ನು ಗೆಲ್ಲಿಸುವುದೂ ಸೋಲಿಸುವುದೂ ಚಕ್ರ. ಕಾರ್ಖಾನೆಯಿಂದ ಬಂದದ್ದು 14 ಇಂಚಿನದು. ಅದರ ಸುತ್ತಲಿನ ಟಯರಿನ ದಪ್ಪ ಗೋಡೆಯೇ ಕಾರಿಗೊಂದು ಗಾಂಭೀರ್ಯ ಕೊಟ್ಟಿತ್ತು. 15 ಅಥವಾ 16 ಇಂಚಿನವರೆಗೆ ಹೋದರೆ ಆ ಗಾಂಭೀರ್ಯ ಉಳಿಯುತ್ತದೆ. 18 ಇಂಚಿಗೆ ಹೋದವರ ಕಾರಿನಲ್ಲಿ ಟಯರು ತೆಳ್ಳಗಿನ ಕಪ್ಪು ಪಟ್ಟಿಯಾಗಿ, ಕಾರಿನ ವಯಸ್ಸಿಗೂ ಚಕ್ರದ ವಯಸ್ಸಿಗೂ ಜಗಳ ಹುಟ್ಟುತ್ತದೆ.

ಹೆಚ್ಚಿನವರು ಹುಡುಕುವುದು ಜರ್ಮನಿಯ ಬಿಬಿಎಸ್ ಕಂಪನಿಯ ಆರ್‌ಎಸ್ ಚಕ್ರವನ್ನು. ಕಪ್ಪು ಅರಣ್ಯದ ಶಿಲ್ಟಾಕ್ ಎಂಬ ಊರಿನಲ್ಲಿ 1970ರಲ್ಲಿ ಹುಟ್ಟಿದ ಕಂಪನಿ ಅದು. ನಡುವಿನ ಜಾಲರಿ, ಹೊರಗಿನ ಅಂಚು, ಒಳಗಿನ ಕೊಳವೆ, ಈ ಮೂರನ್ನೂ ಸಣ್ಣ ಬೋಲ್ಟುಗಳ ಬಳೆಯಿಂದ ಜೋಡಿಸಿದ ಚಕ್ರವಾದ್ದರಿಂದ ಅಂಚನ್ನು ಬದಲಿಸಿ ಅಗಲವನ್ನು ಬೇಕಾದಷ್ಟಕ್ಕೆ ತಂದುಕೊಳ್ಳಬಹುದು. ನಿಜವಾದ ಕೆಲಸಗಾರಿಕೆ ಕಾಣುವುದು ಇಲ್ಲಿ. ಕಾರು ಕೂತಾಗ ಮಡ್‌ಗಾರ್ಡಿನ ಅಂಚು ಟಯರಿಗೂ ರಿಮ್ಮಿನ ತುಟಿಗೂ ನಡುವಿನ ಕೂದಲೆಳೆಯ ಜಾಗಕ್ಕೆ ಬಂದು ನಿಲ್ಲಬೇಕು. ಒಂದೆರಡು ಮಿಲಿಮೀಟರು ತಪ್ಪಿದರೂ ಒಂದೋ ಟಯರು ಸೀಳುತ್ತದೆ, ಇಲ್ಲವೇ ತಗಡು ಮಡಚುತ್ತದೆ. ಇದನ್ನು ಸಾಧಿಸಿದವರ ಕೈಗೆ ಮರ್ಯಾದೆ ಸಲ್ಲಲೇಬೇಕು.

ಸಾಧಿಸದವರು ಹಿಡಿಯುವ ಅಡ್ಡದಾರಿ ಬೇರೆ. ಅಗಲ ರಿಮ್ಮಿಗೆ ಕಿರಿದಾದ ಟಯರನ್ನು ಎಳೆದು ಕೂರಿಸುತ್ತಾರೆ. ಟಯರಿನ ಗೋಡೆ ಓರೆಯಾಗಿ ಮಡ್‌ಗಾರ್ಡಿನೊಳಗೆ ನುಸುಳುತ್ತದೆ ನಿಜ, ಆದರೆ ಹಳ್ಳಕ್ಕೆ ಬಿದ್ದ ಮೊದಲ ಪೆಟ್ಟು ರಿಮ್ಮಿಗೇ. ಇನ್ನೊಂದು ತೊಡಕು ಕಾರಿನ ಮೂಳೆಯಲ್ಲೇ ಇದೆ. ಎಸ್123ರ ಹಿಂದಿನ ಚಕ್ರಗಳು ಓರೆಯಾಗಿ ಕೀಲಿಸಿದ ತೋಳುಗಳ ತುದಿಯಲ್ಲಿವೆ. ಕಾರು ತಗ್ಗಿದಷ್ಟೂ ಚಕ್ರದ ತಲೆ ಒಳಗೆ ವಾಲುತ್ತದೆ. ನಿಲ್ಲಿಸಿದ ಕಾರಿಗೆ ಇದರಿಂದ ನಷ್ಟವಿಲ್ಲ. ಆದರೆ ತಗ್ಗಿಸಿದ ಮಟ್ಟದಲ್ಲೇ ಓಡಿಸಿದರೆ ಟಯರಿನ ಒಳ ಅಂಚು ಬೋಳಾಗುತ್ತದೆ, ಹೊರಗಿನಿಂದ ನೋಡುವವರಿಗೆ ಅದು ಗೊತ್ತೂ ಆಗುವುದಿಲ್ಲ.

ನನ್ನ ಮುಖ್ಯ ತಕರಾರು ಇದಾವುದೂ ಅಲ್ಲ. ಅಗ್ಗದ ಗಾಳಿ ಸಸ್ಪೆನ್ಶನ್ನಿಗೆ ಗೊತ್ತಿರುವುದು ಚೀಲದೊಳಗಿನ ಒತ್ತಡ ಮಾತ್ರ, ಕಾರು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದಲ್ಲ. ಇಬ್ಬರು ಕೂತಾಗ ಇಷ್ಟು ಒತ್ತಡವಿರಲಿ ಎಂದು ಹೊಂದಿಸಿಟ್ಟರೆ, ಹಿಂದೆ ಮೂವರು ಹತ್ತಿದಾಗಲೂ ಅದೇ ಒತ್ತಡ ಬಂದು ನಿಲ್ಲುತ್ತದೆ, ಕಾರು ಮಾತ್ರ ಕುಸಿದಿರುತ್ತದೆ. ಅಂದರೆ 1978ರಲ್ಲಿ ಒಂದು ಕೊಂಡಿ, ಒಂದು ವಾಲ್ವು ಬಗೆಹರಿಸಿದ್ದ ಸಮಸ್ಯೆಯನ್ನು ಲಕ್ಷಾಂತರ ರೂಪಾಯಿ ಖರ್ಚುಮಾಡಿ ಮತ್ತೆ ತಂದುಕೊಂಡ ಹಾಗಾಯಿತು. ಎತ್ತರ ಅಳೆಯುವ ಸೆನ್ಸರುಗಳಿರುವ ಸರಂಜಾಮೂ ಮಾರುಕಟ್ಟೆಯಲ್ಲಿದೆ. ಅದನ್ನು ಹಾಕಿದವರು ಕಾರಿನ ಗುಣವನ್ನು ಉಳಿಸಿಕೊಂಡವರು. ಹಾಕದವರ ಡಿಕ್ಕಿಯನ್ನು ತೆರೆದು ನೋಡಿ: ಮರದ ಹಲಗೆ, ಹೊಳೆಯುವ ತಾಮ್ರದ ಪೈಪುಗಳು, ದೀಪಗಳ ನಡುವೆ ಟ್ಯಾಂಕು. ಒಂದು ಸೂಟ್‌ಕೇಸಿಗೂ ಜಾಗವಿಲ್ಲ. ಕುಸಿಯುವ ಭಯವೇ ಇಲ್ಲ ಬಿಡಿ, ಹೇರುವುದೇ ಇಲ್ಲವಲ್ಲ!

ಗಾಳಿ ಈ ಮನೆತನಕ್ಕೆ ಹೊರಗಿನದೇನೂ ಅಲ್ಲ. ಇದೇ ಮರ್ಸಿಡಿಸ್ 1961ರಲ್ಲೇ ತನ್ನ 300 ಎಸ್‌ಇ ಕಾರಿಗೆ ಗಾಳಿ ಸಸ್ಪೆನ್ಶನ್ ಕೊಟ್ಟಿತ್ತು. ಅಮೆರಿಕದಲ್ಲಿ ಏರ್ ಲಿಫ್ಟ್ ಕಂಪನಿ 1949ರಿಂದ ಗಾಳಿಚೀಲ ಮಾಡಿ ಮಾರಿದ್ದು ಭಾರಕ್ಕೆ ಬಗ್ಗುವ ಸ್ಪ್ರಿಂಗುಗಳಿಗೆ ಒತ್ತಾಸೆಯಾಗಿ. ಕಾರನ್ನು ಏರಿಸಿ ಇಳಿಸುವ ಆಟ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ ಕಾನೂನಿನ ಕಾಟಕ್ಕೆ. ಕಾರಿನ ಯಾವ ಭಾಗವೂ ರಿಮ್ಮಿನ ತಳಕ್ಕಿಂತ ಕೆಳಗಿರಬಾರದು ಎಂದು ಅಲ್ಲಿ 1958ರಲ್ಲಿ ನಿಯಮ ಬಂತು. 1959ರಲ್ಲಿ ರಾನ್ ಅಗೀರೆ ವಿಮಾನದ ಹಳೆಯ ಹೈಡ್ರಾಲಿಕ್ ಭಾಗಗಳನ್ನು ತನ್ನ ಕಾರ್ವೆಟ್ಟಿಗೆ ಜೋಡಿಸಿಕೊಂಡ. ಪೊಲೀಸರು ಕಂಡರೆ ಮೇಲೆ, ಮರೆಯಾದರೆ ಕೆಳಗೆ. ಮೆಕ್ಸಿಕನ್ ಅಮೆರಿಕನ್ನರ ಲೋರೈಡರ್ ಸಂಸ್ಕೃತಿಗೆ ಆ ತಗ್ಗುವಿಕೆ ಒಂದು ಪ್ರತಿಭಟನೆಯೂ ಆಗಿತ್ತು. ಆ ನಿಯಮ ಹೋದದ್ದು 2024ರಲ್ಲಿ. ಜರ್ಮನ್ ವ್ಯಾಗನ್ನಿಗೆ ಅಂಥ ಯಾವ ಕಾರಣವೂ ಇಲ್ಲ. ಅದರ ಸಮರ್ಥನೆ ಅಂದದಿಂದ, ಕೆಲಸದಿಂದ ಮಾತ್ರ ಬರಬೇಕು.

ಜರ್ಮನಿಯಲ್ಲಿ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 30 ವರ್ಷ ದಾಟಿ, ಮೂಲರೂಪದಲ್ಲಿ ಉಳಿದ ಕಾರಿಗೆ ಅಲ್ಲಿ 1997ರಿಂದ 'ಎಚ್' ಅಕ್ಷರದ ನಂಬರ್ ಪ್ಲೇಟು ಸಿಗುತ್ತದೆ. ವರ್ಷಕ್ಕೆ ಸುಮಾರು 191 ಯೂರೋ ತೆರಿಗೆ, ಜೊತೆಗೆ ಹೊಗೆಯ ನಿರ್ಬಂಧವಿರುವ ನಗರವಲಯಗಳಿಗೆ ಪ್ರವೇಶ. ಆ ಕಾಲದಲ್ಲಿ ಇಲ್ಲದಿದ್ದ ಗಾಳಿ ಸರಂಜಾಮು ಹಾಕಿದರೆ ಈ ಪ್ಲೇಟು ಕೈತಪ್ಪಬಹುದು. ಹಳೆಯ ಡೀಸೆಲ್ ವ್ಯಾಗನ್ನಿನ ಮಾಲೀಕನಿಗೆ ಅದು ಚಿಕ್ಕ ನಷ್ಟವಲ್ಲ.

ನಮ್ಮಲ್ಲಿ ಐರಾವತ ಬಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿದವರೆಲ್ಲ ಗಾಳಿಯ ಮೇಲೆ ತೇಲಿದವರೇ. ಅಲ್ಲಿ ಗಾಳಿ ಇರುವುದು ಜನ ತುಂಬಿದರೂ ಬಸ್ಸು ಮಟ್ಟವಾಗಿರಲಿ ಎಂದು, ವ್ಯಾಗನ್ನಿಗೂ ಬೇಕಿದ್ದದ್ದು ಅದೇ. ನನ್ನ ತೀರ್ಪು ಇಷ್ಟು: ಎತ್ತರದ ಸೆನ್ಸರು, ಸ್ಪೇರ್ ಚಕ್ರದ ಜಾಗದಲ್ಲೋ ತಳದಲ್ಲೋ ಅಡಗಿದ ಟ್ಯಾಂಕು, 16 ಇಂಚು ಮೀರದ ಚಕ್ರ, ಖಾಲಿ ಡಿಕ್ಕಿ, ಇಷ್ಟಿದ್ದ ಎಸ್123 ಒಳ್ಳೆಯ ಕೃತಿ. ಉಳಿದವು ಪ್ರದರ್ಶನದ ಮೈದಾನಕ್ಕೆ ಟ್ರಕ್ಕಿನ ಮೇಲೆ ಬಂದು ಟ್ರಕ್ಕಿನ ಮೇಲೇ ಹೋಗಲಿ. ಇದನ್ನು ಓದಿ, ಹಿತ್ತಲಲ್ಲಿ ನಿಂತ ಟಾಟಾ ಎಸ್ಟೇಟನ್ನೋ ಇಂಡಿಗೋ ಮರೀನಾವನ್ನೋ ಹೀಗೆ ಮಾಡುವ ಆಸೆ ಹುಟ್ಟಿದವರು ಒಂದು ಸಂಗತಿ ತಿಳಿದಿರಲಿ. ತಯಾರಕರ ಮೂಲ ವಿವರಗಳಿಂದ ವಾಹನ ಬೇರೆಯಾಗುವಂತೆ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.