ಸ್ಪಿತಿಗೆ ಹೊರಟು ಹಗರಿಯಲ್ಲಿ ಇಳಿದದ್ದು

ಈ ವಾರ ಸ್ಪಿತಿ ಕಣಿವೆ ಎಂದು ಮಾತು ಕೊಟ್ಟಿದ್ದೆ. ಬರೆಯುವ ದಿನವೇ ಅಮರಾಪುರದ ಹೋಟೆಲೊಂದರಲ್ಲಿ, ಅಲ್ಲಿಗೆ ಬೈಕಿನಲ್ಲಿ ಹೋಗಿಬಂದ ಹುಡುಗರ ಟೋಳಿ ಸಿಕ್ಕಿತು. "ಕಾಜಾ ಆಯ್ತು, ಕುಂಜುಮ್ ಪಾಸ್ ಆಯ್ತು ಸಾರ್" ಎಂದರು. ಖಾಬ್‌ನಲ್ಲಿ ಸ್ಪಿತಿ ಸಟ್ಲೆಜ್‌ಗೆ ಸೇರುವುದನ್ನು ನೋಡಿದಿರಾ ಎಂದರೆ ಮುಖ ಮುಖ ನೋಡಿಕೊಂಡರು. ಸೇತುವೆ ದಾಟಿದ್ದು ನೆನಪಿದೆಯಂತೆ. ತಾಬೊ ಮಠಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. 996ರಲ್ಲಿ ಕಟ್ಟಿದ ಮಠ. ಒಳಗಿನ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲಿಕ್ಕೇ ಅಷ್ಟು ಹೊತ್ತು ಬೇಕು.

ಹಳೇ ಓದುಗರಿಗೆ ಗೊತ್ತು, ಪಾಸ್ ಎಣಿಸುವವರಿಗೂ ನನಗೂ ಎಣ್ಣೆ-ಸೀಗೇಕಾಯಿ. ಕಣಿವೆಗೆ ಹೋದ ಮೇಲೆ ಹೊಳೆ ತಿರುಗಿದತ್ತ ತಿರುಗಬೇಕು, ಅದು ನಿಂತಲ್ಲಿ ನಿಲ್ಲಬೇಕು. ಈ ಶಾಸ್ತ್ರಕ್ಕೆ ಮೇಘದೂತವೇ ಮೂಲಗ್ರಂಥ. ಯಕ್ಷ ವಿರಹದಲ್ಲಿ ಬೇಯುತ್ತಿದ್ದಾನೆ, ಸಂದೇಶ ತುರ್ತಿನದು. ಆದರೂ ಮೋಡವನ್ನು ಓಡಿಸುವುದಿಲ್ಲ. ದಣಿದರೆ ಬೆಟ್ಟದ ಮೇಲೆ ಕಾಲೂರು, ಸೊರಗಿದರೆ ಹೊಳೆನೀರು ಕುಡಿ ಎನ್ನುತ್ತಾನೆ. ಬಡಗಲಿಗೆ ಹೊರಟವನಿಗೆ ಸುತ್ತಾದರೂ ಸರಿ, ಉಜ್ಜಯಿನಿ ತಪ್ಪಿಸಬೇಡ ಎಂದು ಪಟ್ಟು ಹಿಡಿಯುತ್ತಾನೆ. ರೇವಾ, ವೇತ್ರವತಿ, ನಿರ್ವಿಂಧ್ಯಾ, ಶಿಪ್ರಾ, ಗಂಭೀರಾ... ಒಂದೊಂದು ನದಿಗೂ ಒಂದೊಂದು ಸ್ವಭಾವ. ಅಲಕಾಪುರಿ ಬರುವುದು ಇಷ್ಟೆಲ್ಲ ಆದ ಮೇಲೆ. ಬೈಕಿಗೆ ಹೊಸ ಟೈರು ಹಾಕಿಸುವ ಮುನ್ನ ಬೇಂದ್ರೆಯವರ ಕನ್ನಡ ಮೇಘದೂತ ಓದಿದರೆ ನಷ್ಟವಿಲ್ಲ.

ಸ್ಪಿತಿ ಇನ್ನೊಂದು ವಾರಕ್ಕಿರಲಿ, ನಮ್ಮ ವೇದಾವತಿಯನ್ನೇ ಹಿಡಿಯೋಣ. ಬಾಬಾಬುಡನ್‌ಗಿರಿಯಿಂದ ಇಳಿದು, 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯಲ್ಲಿ ತಂಗಿ, ಹಿರಿಯೂರು, ಪರಶುರಾಂಪುರ ಹಾದು, ರಾಯದುರ್ಗ ಸೀಮೆಯ ಭೈರವಾನಿತಿಪ್ಪದಲ್ಲಿ ಮತ್ತೆ ತಂಗಿ, ಹಗರಿಯಾಗಿ ಬಳ್ಳಾರಿ ಕಡೆ ಹೊರಡುವ ಹೊಳೆ. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಾಗಾಗಿ ಕೆಳಗಿನವರಿಗೆ ಹೊಳೆಯೆಂದರೆ ಹೆಚ್ಚಾಗಿ ಮರಳೇ. ಪರಶುರಾಂಪುರದ ಕೆಳಗೆ ಕುರಿ ಕಾಯುವವನೊಬ್ಬ ಒರತೆ ತೋಡುತ್ತಿದ್ದ. ಮೊಣಕೈ ಮುಳುಗುವಷ್ಟು ಬಗೆದು, ಮೊದಲ ರಾಡಿ ಮೊಗೆದು ಚೆಲ್ಲಿ, ಬೀಡಿ ಹಚ್ಚಿ ಕೂತ. "ತಿಳಿ ಆಗ್ಲಿ ತಡೀರಿ ಸ್ವಾಮಿ" ಎಂದ. ಬೀಡಿ ಮುಗಿಯುವಷ್ಟರಲ್ಲಿ ತಳದ ಮರಳು ಕಾಣುತ್ತಿತ್ತು.

ಅಲ್ಲಿಂದ ರಾಯದುರ್ಗಕ್ಕೆ ನೇರ ಹೋಗಬೇಡಿ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಸುತ್ತಿಕೊಳ್ಳಿ. ನಮ್ಮ ಉಜ್ಜಯಿನಿ ಅದು. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲಿದೆ. ಬರೆದವನ ಹೆಸರು ಚಪಡ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದವನು, ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲೂ ಅವನದೇ ಕೈ. ಬಡಗಣ ಬೆಟ್ಟಗಳ ಬರವಣಿಗೆ ಕಲಿತವನು ನಮ್ಮ ಒಂದೇ ಕಣಿವೆಯಲ್ಲಿ ಮೂರು ಕಡೆ ಪುರಸೊತ್ತಾಗಿ ಕೂತಿದ್ದಾನೆ. ಇಲ್ಲಿಂದ ಅಲ್ಲಿಗೆ ಹೋಗುವವರಿಗೆ ಅಷ್ಟು ವ್ಯವಧಾನ ಯಾಕಿಲ್ಲ?

ಹಿರಿಯೂರಿನಿಂದ ಹೊರಡಿ. ಬೈಕಾದರೂ ಆದೀತು, ಲಡಕಾಸಿ ಜೀಪಾದರೂ ಆದೀತು. ರಾಯದುರ್ಗ ಎಷ್ಟು ಗಂಟೆಗೆ ಮುಟ್ಟುತ್ತೇವೆ ಎಂದು ಕೇಳುವವರನ್ನು ಮಾತ್ರ ಹತ್ತಿಸಿಕೊಳ್ಳಬೇಡಿ.